ಹಾವರ್ತ್‌ನಲ್ಲಿ ಎರಡು ದಿನ: ಬ್ರಾಂಟೆ ಸೋದರಿಯರ ಮನೆ, ಊರು ಮತ್ತು ಮೂರ್‌ಲ್ಯಾಂಡ್ ನಡಿಗೆ

ಇಂಗ್ಲೆಂಡಿನ ಹಾವರ್ತ್ ಎಂಬ ಊರಿನ ಪಾದ್ರಿಮನೆಯ ಮುಂಬಾಗಿಲಲ್ಲಿ ನಿಂತರೆ ಎದುರಿಗೆ ಕಾಣುವುದು ಸ್ಮಶಾನ. ಮನೆಯ ಹಿಂದಿನ ಹೊಲ ದಾಟಿ ಸ್ವಲ್ಪ ಏರಿದರೆ ಮೂರ್‌ಲ್ಯಾಂಡ್ ಎಂಬ ಮರವಿಲ್ಲದ ಗುಡ್ಡಬಯಲು ಆಕಾಶಕ್ಕೆ ತಾಗುವವರೆಗೂ ಹಬ್ಬಿದೆ. ಷಾರ್ಲೆಟ್, ಎಮಿಲಿ, ಆ್ಯನ್ ಎಂಬ ಮೂವರು ಬ್ರಾಂಟೆ ಸೋದರಿಯರು ಈ ಎರಡರ ನಡುವೆ ಬೆಳೆದರು, ಬರೆದರು. 1847ರ ಅಕ್ಟೋಬರ್‌ನಿಂದ ಡಿಸೆಂಬರ್‌ವರೆಗಿನ ಮೂರೇ ತಿಂಗಳಲ್ಲಿ ಇದೊಂದು ಮನೆಯವರ ಮೂರು ಕಾದಂಬರಿಗಳು ಅಚ್ಚಾದವು: ಷಾರ್ಲೆಟ್‌ಳ ‘ಜೇನ್ ಐರ್’, ಎಮಿಲಿಯ ‘ವುದರಿಂಗ್ ಹೈಟ್ಸ್’, ಆ್ಯನ್‌ಳ ‘ಆ್ಯಗ್ನೆಸ್ ಗ್ರೇ’.

ಧಾರವಾಡದಲ್ಲಿ ಇಂಗ್ಲಿಷ್ ಎಂ.ಎ. ಓದುವಾಗ ಇವರು ನನ್ನ ಪಠ್ಯದಲ್ಲಿದ್ದರು. ಆಮೇಲೆ ಕೆಲವು ವರ್ಷ ಲೀಡ್ಸ್ ನಗರದ ಬಳಿ ವಾಸಿಸುವ ಅವಕಾಶ ಸಿಕ್ಕಿತು. ಮೊದಲ ಸಲ ಹಾವರ್ತ್‌ಗೆ ಹೋದದ್ದು ಪ್ರವಾಸಿ ಬಸ್ಸಿನಲ್ಲಿ. ಎರಡು ಗಂಟೆ ಕೊಟ್ಟರು. ಮನೆ ನೋಡಿದೆವು, ಚಹಾ ಕುಡಿದೆವು, ಹೊರಟೆವು. ಮೂರ್‌ಲ್ಯಾಂಡ್ ಬಸ್ಸಿನ ಕಿಟಕಿಯಿಂದ ಕಂಡಷ್ಟೇ. ಪುಸ್ತಕದ ಮೊದಲ ಅರ್ಧ ಓದಿ ಮುಚ್ಚಿಟ್ಟಂತಾಗಿತ್ತು. ಆಮೇಲೆ ಊರಿನಿಂದ ನೆಂಟರು ಬಂದಾಗಲೆಲ್ಲ ಅವರನ್ನು ಕರೆದುಕೊಂಡು ಹೋಗಿದ್ದೇನೆ. ಮಂಡಿನೋವಿನ ಅತ್ತೆಯಿಂದ ಹಿಡಿದು ಎಂಟು ವರ್ಷದ ಸೋದರಳಿಯನವರೆಗೆ ಎಲ್ಲ ವಯಸ್ಸಿನವರೊಂದಿಗೂ ಆ ದಾರಿಗಳಲ್ಲಿ ನಡೆದಿದ್ದೇನೆ. ಅದರಿಂದ ಕಲಿತದ್ದನ್ನು ಇಲ್ಲಿ ಕ್ರಮವಾಗಿ ಬರೆಯುತ್ತಿದ್ದೇನೆ. ಸಾಧ್ಯವಾದರೆ ಒಂದು ರಾತ್ರಿ ಅಲ್ಲೇ ಉಳಿಯಿರಿ. ಮೊದಲ ದಿನ ಸ್ಮಶಾನ ಮತ್ತು ಮನೆ, ಎರಡನೆಯ ದಿನ ಮೂರ್‌ಲ್ಯಾಂಡ್. ಈ ಅನುಕ್ರಮವನ್ನು ಬದಲಿಸಬೇಡಿ.

ಹೊರಡುವ ಮೊದಲು

ಒಂದು ಪುಸ್ತಕವನ್ನಾದರೂ ಓದಿಕೊಂಡು ಹೋಗಿ. ಒಂದೇ ಓದಲು ಸಮಯವಿದ್ದರೆ ‘ವುದರಿಂಗ್ ಹೈಟ್ಸ್’ ಇರಲಿ, ಏಕೆಂದರೆ ನೀವು ಕಾಲಿಡಲಿರುವ ನೆಲ ಅದರಲ್ಲಿ ಇರುವಷ್ಟು ಬೇರೆ ಯಾವುದರಲ್ಲೂ ಇಲ್ಲ. ಶೀರ್ಷಿಕೆಯ ಮೊದಲ ಪದವೇ ಆ ಸೀಮೆಯದು. ಬಿರುಗಾಳಿ ಬೀಸುವಾಗ ಎತ್ತರದ ಜಾಗದಲ್ಲಿ ಏಳುವ ಗಾಳಿಯ ಅಬ್ಬರಕ್ಕೆ ಅಲ್ಲಿನವರು ಬಳಸುತ್ತಿದ್ದ ಮಾತು ಅದು, ಮೊದಲ ಅಧ್ಯಾಯದಲ್ಲೇ ಕಾದಂಬರಿ ಅದನ್ನು ವಿವರಿಸುತ್ತದೆ. ‘ಜೇನ್ ಐರ್’ ಓದುವವರಿಗೆ ಕೊನೆಯ ಭಾಗದಲ್ಲಿ ನಮ್ಮ ದೇಶವೂ ಎದುರಾಗುತ್ತದೆ. ಸೇಂಟ್ ಜಾನ್ ರಿವರ್ಸ್ ಎಂಬ ಪಾದ್ರಿ ಧರ್ಮಪ್ರಚಾರಕ್ಕೆ ಭಾರತಕ್ಕೆ ಹೊರಟಿರುತ್ತಾನೆ, ಜೇನ್‌ಳಿಗೆ ಹಿಂದುಸ್ತಾನಿ ಕಲಿಸುತ್ತಾನೆ, ತನ್ನ ಹೆಂಡತಿಯಾಗಿ ಜೊತೆಗೆ ಬಾ ಎಂದು ಒತ್ತಾಯಿಸುತ್ತಾನೆ. ಅವಳು ಒಪ್ಪುವುದಿಲ್ಲ.

ಯಾವಾಗ ಹೋಗಬೇಕು? ಆಗಸ್ಟ್ ನಡುವಿನಿಂದ ಸೆಪ್ಟೆಂಬರ್ ಆರಂಭದವರೆಗೆ ಹೆದರ್ ಎಂಬ ಕುರುಚಲು ಗಿಡ ಹೂಬಿಟ್ಟು ಗುಡ್ಡಗಳೆಲ್ಲ ನೇರಳೆ ಬಣ್ಣಕ್ಕೆ ತಿರುಗುತ್ತವೆ. ಎಲ್ಲರೂ ಹೇಳುವ ಕಾಲ ಅದೇ, ಜನಸಂದಣಿಯೂ ಆಗಲೇ. ನನ್ನ ಆಯ್ಕೆ ಮೇ ತಿಂಗಳು. ಕರ್ಲ್ಯೂ ಹಕ್ಕಿಯ ಉದ್ದನೆಯ ಕೂಗು ಬಯಲಿನ ಮೇಲೆ ತೇಲಿ ಬರುತ್ತದೆ. ನಮ್ಮ ಟಿಟ್ಟಿಭದ ಬಳಗಕ್ಕೆ ಸೇರಿದ ಲ್ಯಾಪ್‌ವಿಂಗ್ ಹಕ್ಕಿಗಳು ಗಾಳಿಯಲ್ಲಿ ಉರುಳಾಡುತ್ತವೆ. ಹಗಲು ಉದ್ದವಾಗಿರುತ್ತದೆ. ಡಿಸೆಂಬರ್‌ನಲ್ಲಿ ನಾಲ್ಕು ಗಂಟೆಯೊಳಗೆ ಸೂರ್ಯ ಮುಳುಗುತ್ತಾನೆ, ಆಗ ದೂರದ ನಡಿಗೆಯ ಆಸೆ ಬಿಡಬೇಕು.

ಭಾರತದಿಂದ ನೇರವಾಗಿ ಬರುವವರು ಬ್ರಿಟನ್ನಿನ ಸ್ಟ್ಯಾಂಡರ್ಡ್ ವಿಸಿಟರ್ ವೀಸಾ ಮೊದಲೇ ಮಾಡಿಸಿಕೊಳ್ಳಬೇಕು. ಆ ಪಾದ್ರಿಮನೆ ಈಗ ಬ್ರಾಂಟೆ ಪಾರ್ಸನೇಜ್ ಮ್ಯೂಸಿಯಂ, ಅದು ವರ್ಷದ ಎಲ್ಲ ದಿನವೂ ತೆರೆದಿರುವುದಿಲ್ಲ. ವಾರದ ರಜೆಯಿರುತ್ತದೆ, ಚಳಿಗಾಲದಲ್ಲಿ ಕೆಲವು ವಾರ ಮುಚ್ಚಿರುತ್ತದೆ. ಹಾವರ್ತ್‌ಗೆ ಕರೆದೊಯ್ಯುವ ಹಳೆಯ ಉಗಿಬಂಡಿಯೂ ದಿನವೂ ಓಡುವುದಿಲ್ಲ. ಈ ಎರಡರ ವೇಳಾಪಟ್ಟಿಯನ್ನು ಅವುಗಳ ಜಾಲತಾಣದಲ್ಲಿ ನೋಡಿದ ಮೇಲೆಯೇ ದಿನ ಗೊತ್ತುಮಾಡಿ, ಆಮೇಲೆ ವಸತಿ ಕಾಯ್ದಿರಿಸಿ.

ತಲುಪುವ ದಾರಿ

ಹಾವರ್ತ್ ಇರುವುದು ಇಂಗ್ಲೆಂಡಿನ ವೆಸ್ಟ್ ಯಾರ್ಕ್‌ಷೈರ್‌ನಲ್ಲಿ, ಪೆನ್ನೈನ್ ಬೆಟ್ಟಸಾಲಿನ ಮಡಿಲಲ್ಲಿ. ಲಂಡನ್ನಿನ ಕಿಂಗ್ಸ್ ಕ್ರಾಸ್ ನಿಲ್ದಾಣದಿಂದ ಲೀಡ್ಸ್‌ಗೆ ರೈಲಿನಲ್ಲಿ ಸುಮಾರು ಎರಡೂಕಾಲು ಗಂಟೆ. ಲೀಡ್ಸ್‌ನಿಂದ ಸ್ಕಿಪ್ಟನ್ ಕಡೆಗೆ ಹೋಗುವ ರೈಲು ಹತ್ತಿ, ಅರ್ಧ ಗಂಟೆಯೊಳಗೆ ಕೀತ್ಲಿಯಲ್ಲಿ ಇಳಿಯಬೇಕು. ಆ ಊರಿನ ಹೆಸರಿನ ಕಾಗುಣಿತ ನೋಡಿ ‘ಕೈಗ್ಲಿ’ ಎಂದು ಕೇಳಿದರೆ ಟಿಕೆಟ್ ಕೊಡುವವರಿಗೂ ಅರ್ಥವಾಗದೆ ಹೋಗಬಹುದು. ಕೀತ್ಲಿ ಎಂದೇ ಹೇಳಿ. ಹಾವರ್ತ್ ಎಂದು ನಾವು ಬರೆಯುವುದನ್ನೂ ಅಲ್ಲಿನವರು ಹೆಚ್ಚುಕಡಿಮೆ ‘ಹೌಅರ್ತ್’ ಎಂಬಂತೆ ಉಚ್ಚರಿಸುತ್ತಾರೆ.

ಕೀತ್ಲಿಯಿಂದ ಹಾವರ್ತ್ ಐದು ಕಿಲೋಮೀಟರಿನಷ್ಟು. ಬಸ್ ಇದೆ, ಬ್ರಾಂಟೆಬಸ್ ಎಂದೇ ಅದಕ್ಕೆ ಹೆಸರು. ಅದು ಹೊರಡುವುದು ಊರ ನಡುವಿನ ಬಸ್ ನಿಲ್ದಾಣದಿಂದ, ರೈಲು ನಿಲ್ದಾಣದಿಂದ ಅಲ್ಲಿಗೆ ಸ್ವಲ್ಪ ನಡೆಯಬೇಕು. ಮಂಡಿನೋವಿನವರಿಗೆ ಬಸ್ಸೇ ಮೇಲು, ಏಕೆಂದರೆ ಅದು ಗುಡ್ಡದ ಮೇಲಿನ ಹಳೆಯ ಊರಿನ ಹತ್ತಿರವೇ ಇಳಿಸುತ್ತದೆ.

ಉಳಿದವರು ಉಗಿಬಂಡಿಯಲ್ಲಿ ಹೋಗಬೇಕು ಎಂಬುದು ನನ್ನ ಒತ್ತಾಯ. ಕೀತ್ಲಿ ನಿಲ್ದಾಣದಲ್ಲೇ ಪಕ್ಕದ ಪ್ಲಾಟ್‌ಫಾರಂನಿಂದ ಕೀತ್ಲಿ ಆ್ಯಂಡ್ ವರ್ತ್ ವ್ಯಾಲಿ ರೈಲು ಹೊರಡುತ್ತದೆ. ಟಿಕೆಟ್ ಬೇರೆ. ಕಣಿವೆಯ ಗಿರಣಿಗಳಿಗಾಗಿ 1867ರಲ್ಲಿ ತೆರೆದ ಎಂಟು ಕಿಲೋಮೀಟರಿನ ಹಳಿ ಇದು. 1962ರಲ್ಲಿ ಸರ್ಕಾರಿ ರೈಲ್ವೆ ಇದನ್ನು ಮುಚ್ಚಿತು. ಸುತ್ತಲಿನ ಜನ ಸಂಘ ಕಟ್ಟಿ, ಹಣ ಕೂಡಿಸಿ, 1968ರಲ್ಲಿ ತಾವೇ ಮತ್ತೆ ಓಡಿಸಿದರು. ಇಂದಿಗೂ ಇಲ್ಲಿ ಬಾವುಟ ತೋರಿಸುವವರು, ಟಿಕೆಟ್ ನೋಡುವವರು ಹೆಚ್ಚಾಗಿ ಸಂಬಳವಿಲ್ಲದ ಸ್ವಯಂಸೇವಕರು. ಎಂಜಿನ್ನಿಗೆ ಕಲ್ಲಿದ್ದಲು ಎತ್ತಿ ಹಾಕುವ ನಿವೃತ್ತರ ಮುಖ ನೋಡಿದರೆ ಅವರಿಗೆ ಇದು ಎಷ್ಟು ಪ್ರಿಯ ಎಂದು ತಿಳಿಯುತ್ತದೆ. ದಾರಿಯಲ್ಲಿ ಬರುವ ಡ್ಯಾಮೆಮ್ಸ್ ನಿಲ್ದಾಣ ಒಂದೇ ಒಂದು ಬೋಗಿ ನಿಲ್ಲುವಷ್ಟು ಪುಟ್ಟದು. ಆಮೇಲಿನದು ಓಕ್‌ವರ್ತ್, ‘ದ ರೈಲ್ವೇ ಚಿಲ್ಡ್ರನ್’ ಚಲನಚಿತ್ರವನ್ನು 1970ರಲ್ಲಿ ತೆಗೆದದ್ದು ಅಲ್ಲಿ. ಅದರ ನಂತರದ ನಿಲ್ದಾಣವೇ ಹಾವರ್ತ್.

ಆದರೆ ಬ್ರಾಂಟೆ ಸೋದರಿಯರು ಈ ರೈಲನ್ನು ಕಾಣಲಿಲ್ಲ. ಹಳಿ ಬಂದಾಗ ಅವರಲ್ಲಿ ಯಾರೂ ಬದುಕಿರಲಿಲ್ಲ. 1848ರ ಜುಲೈನಲ್ಲಿ ಷಾರ್ಲೆಟ್ ಮತ್ತು ಆ್ಯನ್ ತಮ್ಮ ಗುಟ್ಟು ಬಿಟ್ಟುಕೊಡಲು, ಅಂದರೆ ಕರರ್ ಬೆಲ್, ಆ್ಯಕ್ಟನ್ ಬೆಲ್ ಎಂಬ ಗಂಡು ಹೆಸರಿನ ಲೇಖಕರು ತಾವೇ ಎಂದು ಪ್ರಕಾಶಕರಿಗೆ ತೋರಿಸಲು ಲಂಡನ್ನಿಗೆ ಹೊರಟಾಗ ಕೀತ್ಲಿಯವರೆಗೂ ನಡೆದೇ ಹೋದರು.

ಏರು ಬೀದಿ

ನಿಲ್ದಾಣ ಕಣಿವೆಯ ತಳದಲ್ಲಿದೆ, ಹಳೆಯ ಊರು ಗುಡ್ಡದ ಮೇಲಿದೆ. ಬಟ್ ಲೇನ್ ಎಂಬ ದಾರಿಯಲ್ಲಿ ಹತ್ತಿ ಉದ್ಯಾನದ ಪಕ್ಕದಿಂದ ಹೋದರೆ ಮೇನ್ ಸ್ಟ್ರೀಟ್ ಸಿಗುತ್ತದೆ. ಸೂಟ್‌ಕೇಸ್‌ನ ಗಾಲಿಗಳನ್ನು ಈ ಬೀದಿ ಮುರಿಯುತ್ತದೆ, ಬೆನ್ನಿಗೆ ಹಾಕುವ ಚೀಲವನ್ನೇ ತನ್ನಿ. ಏರು ಅಷ್ಟು ಕಡಿದು. ಹಾಸಿದ ಕಲ್ಲುಗಳನ್ನು ಕುದುರೆಯ ಗೊರಸಿಗೆ ಹಿಡಿತ ಸಿಗಲೆಂದು ನಿಲ್ಲಿಸಿ ಜೋಡಿಸಿದ್ದಾರೆ. ಮಳೆ ಬಂದಾಗ ಮನುಷ್ಯರ ಕಾಲಿಗೆ ಮಾತ್ರ ಹಿಡಿತ ಸಿಗುವುದಿಲ್ಲ.

ಅಂಗಡಿಗಳ ಸಾಲನ್ನು ನೋಡುತ್ತ ಹೋಗುವಾಗ ತಲೆ ಎತ್ತಿ ಮೇಲಿನ ಅಂತಸ್ತನ್ನೂ ನೋಡಿ. ಕೆಲವು ಮನೆಗಳ ಮಹಡಿಯಲ್ಲಿ ಸಾಲಾಗಿ ಒತ್ತೊತ್ತಿಗೆ ಕಿಟಕಿಗಳಿವೆ. ಅವು ಕೈಮಗ್ಗದವರ ಮನೆಗಳು, ನೇಯಲು ಬೆಳಕು ಬೇಕೆಂದು ಕಟ್ಟಿದ ಕಿಟಕಿಗಳು. ಷಾರ್ಲೆಟ್ ತೀರಿಕೊಂಡ ಎರಡು ವರ್ಷಕ್ಕೆ, 1857ರಲ್ಲಿ, ಕಾದಂಬರಿಕಾರ್ತಿ ಎಲಿಜಬೆತ್ ಗ್ಯಾಸ್ಕೆಲ್ ಬರೆದ ಅವಳ ಜೀವನಚರಿತ್ರೆಯಿಂದಾಗಿ ಹಾವರ್ತ್ ಎಂದರೆ ಲೋಕದಿಂದ ದೂರವಾದ ಕಾಡುಹಳ್ಳಿ ಎಂಬ ಚಿತ್ರ ಎಲ್ಲರ ಮನಸ್ಸಿನಲ್ಲಿ ಕೂತಿತು. ಕಿಟಕಿಗಳು ಬೇರೆ ಕಥೆ ಹೇಳುತ್ತವೆ. ಇದು ಉಣ್ಣೆ ಬಾಚುವವರ, ನೇಕಾರರ, ಗಿರಣಿ ಕೂಲಿಗಳ ಇಕ್ಕಟ್ಟಾದ ಊರಾಗಿತ್ತು. ಗೋಡೆಯ ಮರಳುಗಲ್ಲು ಕಪ್ಪಾಗಿರುವುದು ಆ ಕಾಲದ ಕಲ್ಲಿದ್ದಲ ಹೊಗೆಯಿಂದ.

ಬೀದಿಯ ತುದಿಯಲ್ಲಿ, ಚರ್ಚಿನ ಮೆಟ್ಟಿಲ ಪಕ್ಕದಲ್ಲೇ, ಬ್ಲ್ಯಾಕ್ ಬುಲ್ ಪಬ್ ಇದೆ. ಸೋದರಿಯರ ಒಬ್ಬನೇ ಅಣ್ಣತಮ್ಮನಾದ ಬ್ರ್ಯಾನ್‌ವೆಲ್ ಕುಡಿಯುತ್ತಿದ್ದ ಜಾಗ. ಚಿತ್ರಕಾರ, ಕವಿ, ರೈಲ್ವೆ ಗುಮಾಸ್ತ, ಮನೆಪಾಠದ ಮೇಷ್ಟ್ರು, ಯಾವುದರಲ್ಲೂ ಅವನು ನೆಲೆ ನಿಲ್ಲಲಿಲ್ಲ. ಮದ್ಯ ಮತ್ತು ಅಫೀಮು ಅವನನ್ನು ಹಾಳುಮಾಡಿದವು. ಹೊರಗಿನಿಂದ ನೋಡಿದರೆ ಸಾಕು, ಮುಂದಿನ ಕೆಲಸ ಸ್ಮಶಾನದಲ್ಲಿದೆ.

ಸ್ಮಶಾನದಲ್ಲಿ ಅರ್ಧ ಗಂಟೆ

ಹೆಚ್ಚಿನ ಪ್ರವಾಸಿಗರು ಇದನ್ನು ದಾಟಿ ಮನೆಯತ್ತ ಧಾವಿಸುತ್ತಾರೆ. ನೀವು ಹಾಗೆ ಮಾಡಬೇಡಿ. ಒತ್ತಾಗಿ ನಿಂತ ಮತ್ತು ಮಲಗಿದ ಕಲ್ಲುಗಳ ನಡುವೆ ನಿಧಾನವಾಗಿ ನಡೆದು ಕೆತ್ತಿದ ವಯಸ್ಸುಗಳನ್ನು ಓದಿ. ಮೂರು ತಿಂಗಳು, ಎರಡು ವರ್ಷ, ಏಳು ವಾರ. ಒಂದೇ ಕಲ್ಲಿನ ಮೇಲೆ ಒಂದೇ ಮನೆಯ ಮಕ್ಕಳ ಹೆಸರುಗಳ ಸಾಲು.

ಇದಕ್ಕೆ ಕಾರಣ ನೆಲದಡಿಯಲ್ಲಿತ್ತು. ಸೋದರಿಯರ ತಂದೆ ಪ್ಯಾಟ್ರಿಕ್ ಬ್ರಾಂಟೆ 1820ರಲ್ಲಿ ಈ ಚರ್ಚಿನ ಪಾದ್ರಿಯಾಗಿ ಬಂದವರು, ಐರ್ಲೆಂಡಿನ ಬಡ ಮನೆಯಲ್ಲಿ ಹುಟ್ಟಿ ಕೇಂಬ್ರಿಜ್‌ನಲ್ಲಿ ಓದಿದವರು. ಊರಿಗೆ ಶುದ್ಧ ನೀರು ಬೇಕೆಂದು ಅವರು ಪಟ್ಟುಹಿಡಿದು ಸರ್ಕಾರಕ್ಕೆ ಬರೆದರು. 1850ರಲ್ಲಿ ಬೆಂಜಮಿನ್ ಹರ್ಷೆಲ್ ಬ್ಯಾಬೇಜ್ ಎಂಬ ಆರೋಗ್ಯ ಮಂಡಳಿಯ ಅಧಿಕಾರಿ ಬಂದು ಪರಿಶೀಲಿಸಿ ವರದಿ ಬರೆದರು. ಚರಂಡಿಯಿಲ್ಲ, ತಿಪ್ಪೆಗಳು ಬಾಗಿಲಲ್ಲೇ, ತುಂಬಿ ತುಳುಕುವ ಸ್ಮಶಾನ. ಸಾಯುವವರ ಸರಾಸರಿ ವಯಸ್ಸು 25.8. ನೂರಕ್ಕೆ 41.6ರಷ್ಟು ಮಂದಿ ಆರು ವರ್ಷ ತುಂಬುವ ಮೊದಲೇ ಸಾಯುತ್ತಿದ್ದರು.

ಈ ಅಂಕಿಗಳ ಪಕ್ಕದಲ್ಲಿ ಪಾದ್ರಿಮನೆಯ ಲೆಕ್ಕ ಇಡಿ. ತಾಯಿ ಮರಿಯಾ 1821ರಲ್ಲಿ ತೀರಿಕೊಂಡರು. ಹಿರಿಯ ಮಕ್ಕಳಾದ ಮರಿಯಾ, ಎಲಿಜಬೆತ್ ವಸತಿಶಾಲೆಯಲ್ಲಿ ಕಾಯಿಲೆ ಬಿದ್ದು 1825ರಲ್ಲಿ ಹೋದರು, ಒಬ್ಬಳಿಗೆ ಹನ್ನೊಂದು, ಇನ್ನೊಬ್ಬಳಿಗೆ ಹತ್ತು. 1848ರ ಸೆಪ್ಟೆಂಬರ್‌ನಲ್ಲಿ ಬ್ರ್ಯಾನ್‌ವೆಲ್, 31 ವರ್ಷ. ಅದೇ ಡಿಸೆಂಬರ್‌ನಲ್ಲಿ ಎಮಿಲಿ, 30 ವರ್ಷ. ಮುಂದಿನ ಮೇ ತಿಂಗಳಲ್ಲಿ ಆ್ಯನ್, 29 ವರ್ಷ. 1855ರಲ್ಲಿ, ಮದುವೆಯಾಗಿ ವರ್ಷ ತುಂಬುವ ಮೊದಲೇ, ಷಾರ್ಲೆಟ್, 38 ವರ್ಷ. ಆರೂ ಮಕ್ಕಳನ್ನು ಕಳೆದುಕೊಂಡ ತಂದೆ 84 ವರ್ಷ ಬದುಕಿ 1861ರಲ್ಲಿ ತೀರಿಕೊಂಡರು. ಆ್ಯನ್ ಒಬ್ಬಳನ್ನು ಬಿಟ್ಟು ಉಳಿದವರ ಸಮಾಧಿ ಚರ್ಚಿನ ಒಳಗೇ, ನೆಲದಡಿಯಲ್ಲಿದೆ. ಒಳಗೆ ಹೋದಾಗ ಷಾರ್ಲೆಟ್ ಮತ್ತು ಎಮಿಲಿಯ ಹೆಸರಿನ ಹಿತ್ತಾಳೆ ಫಲಕ ಹುಡುಕಿ.

ಇಲ್ಲೇ ನಿಂತು ಕಣ್ಣಿಗೆ ಒಂದು ಕೆಲಸ ಕೊಡಬೇಕು. ನಿಮ್ಮ ಮುಂದಿರುವುದರಿಂದ ಮೂರು ವಸ್ತುಗಳನ್ನು ಅಳಿಸಿ. ಸ್ಮಶಾನದ ದೊಡ್ಡ ಮರಗಳನ್ನು ಅಳಿಸಿ, ಅವನ್ನು ನೆಟ್ಟದ್ದು 1860ರ ದಶಕದಲ್ಲಿ. ಗೋಪುರವೊಂದನ್ನು ಉಳಿಸಿ ಚರ್ಚಿನ ಉಳಿದ ಭಾಗವನ್ನು ಅಳಿಸಿ, ಹಳೆಯದನ್ನು 1879ರಲ್ಲಿ ಕೆಡವಿ ಈಗಿನದನ್ನು ಕಟ್ಟಿದರು. ಪಾದ್ರಿಮನೆಗೆ ಎದುರಾಗಿ ನಿಂತಾಗ ಬಲಬದಿಯಲ್ಲಿ ಮುಂಚಾಚಿರುವ ಭಾಗವನ್ನೂ ಅಳಿಸಿ, ಅದನ್ನು ಸೇರಿಸಿದ್ದು ಪ್ಯಾಟ್ರಿಕ್ ನಂತರ ಬಂದ ಪಾದ್ರಿ. ಈಗ ಉಳಿದದ್ದನ್ನು ನೋಡಿ: ನೆರಳಿಲ್ಲದ ಕಲ್ಲುಗಳ ಹಾಸು, ಅದರ ಅಂಚಿಗೆ ಒಂದು ಚಿಕ್ಕ ಬೂದು ಮನೆ. ಅವರು ದಿನವೂ ಕಂಡದ್ದು ಅದನ್ನೇ.

ಮನೆಯೊಳಗೆ

1778ರಲ್ಲಿ ಕಟ್ಟಲು ತೊಡಗಿದ ಈ ಮನೆ 1928ರಿಂದ ಮ್ಯೂಸಿಯಂ. 1893ರಲ್ಲಿ ಹುಟ್ಟಿದ ಬ್ರಾಂಟೆ ಸೊಸೈಟಿ ಇದನ್ನು ನಡೆಸುತ್ತದೆ. ಬಾಗಿಲು ತೆರೆದ ಮೊದಲ ಗಂಟೆಯಲ್ಲೇ ಹೋದರೆ ಕೋಣೆಗಳಲ್ಲಿ ನಿಲ್ಲಲು ಜಾಗ ಸಿಗುತ್ತದೆ. ಮಧ್ಯಾಹ್ನಕ್ಕೆ ಬಸ್ಸುಗಳು ಬಂದ ಮೇಲೆ ಹೆಗಲಿಗೆ ಹೆಗಲು ತಾಗುತ್ತದೆ.

ಊಟದ ಕೋಣೆ ಎಡಕ್ಕಿದೆ. ಅಲ್ಲಿ ಬಹಳ ಹೊತ್ತು ನಿಲ್ಲಿ. ನಡುವಿನ ಮೇಜು ಅವರದೇ, ಹಲವು ಕೈ ದಾಟಿ ಹೋಗಿದ್ದುದನ್ನು 2015ರಲ್ಲಿ ಮತ್ತೆ ಮನೆಗೆ ತಂದರು. ಅದರ ಮೇಲೆ ಶಾಯಿಯ ಕಲೆಗಳಿವೆ, ಮೇಣದ ಬತ್ತಿ ಸುಟ್ಟ ಗುರುತಿದೆ, ಇಂಗ್ಲಿಷಿನ ‘ಇ’ ಅಕ್ಷರದ ಒಂದು ಸಣ್ಣ ಕೆತ್ತನೆ ಇದೆ. ರಾತ್ರಿ ತಂದೆ ಮಲಗಿದ ಮೇಲೆ ಮೂವರೂ ಈ ಮೇಜಿನ ಸುತ್ತ ನಡೆಯುತ್ತ, ಬರೆದದ್ದನ್ನು ಪರಸ್ಪರ ಓದಿ ಹೇಳುತ್ತ, ಕಥೆಯ ಮುಂದಿನ ದಾರಿ ಚರ್ಚಿಸುತ್ತಿದ್ದರು. ತಂಗಿಯರು ಹೋದ ಮೇಲೆ ಷಾರ್ಲೆಟ್ ಒಬ್ಬಳೇ ಆ ಸುತ್ತು ಹಾಕುತ್ತಿದ್ದಳು, ಅಡುಗೆಮನೆಯಲ್ಲಿ ಕೂತ ಕೆಲಸದವಳಿಗೆ ಆ ಹೆಜ್ಜೆಯ ಸಪ್ಪಳ ಕೇಳುತ್ತಿತ್ತು. ಪಕ್ಕದ ಸೋಫಾದ ಮೇಲೆಯೇ ಎಮಿಲಿ ಪ್ರಾಣ ಬಿಟ್ಟಳೆಂದು ಹೇಳುತ್ತಾರೆ.

ಮೆಟ್ಟಿಲ ತಿರುವಿನಲ್ಲಿ ನಿಂತ ಗಡಿಯಾರಕ್ಕೆ ಪ್ಯಾಟ್ರಿಕ್ ದಿನವೂ ರಾತ್ರಿ ಒಂಬತ್ತಕ್ಕೆ ಕೀಲಿ ಕೊಟ್ಟು, ಬಹಳ ಹೊತ್ತು ಎದ್ದಿರಬೇಡಿ ಎಂದು ಮಕ್ಕಳಿಗೆ ಹೇಳಿ ಮಲಗಲು ಹೋಗುತ್ತಿದ್ದರು. ಮಕ್ಕಳನ್ನು ಕರೆತಂದಿದ್ದರೆ ಅವರಿಗೆ ಮೊದಲು ತೋರಿಸಬೇಕಾದದ್ದು ಬೆಂಕಿಪೊಟ್ಟಣದಷ್ಟು ಚಿಕ್ಕ ಪುಸ್ತಕಗಳು. 1826ರಲ್ಲಿ ತಂದೆ ಲೀಡ್ಸ್‌ನಿಂದ ಬ್ರ್ಯಾನ್‌ವೆಲ್‌ಗೆ ಮರದ ಸಿಪಾಯಿಗಳ ಆಟಿಕೆ ತಂದರು. ನಾಲ್ವರೂ ಒಂದೊಂದು ಸಿಪಾಯಿಗೆ ಹೆಸರಿಟ್ಟು, ಅವರಿಗೊಂದು ದೇಶ ಕಟ್ಟಿ, ಆ ಸಿಪಾಯಿಗಳು ಓದುವ ಅಳತೆಗೆ ತಕ್ಕಂತೆ ಪತ್ರಿಕೆಗಳನ್ನು ಬರೆದು ಹೊಲಿದರು. ಅಕ್ಷರಗಳು ಬರಿಗಣ್ಣಿಗೆ ಇರುವೆಯ ಸಾಲು. ನನ್ನ ಸೋದರಳಿಯ ಅದನ್ನು ಕಂಡ ದಿನ ರಾತ್ರಿಯೇ ಹಳೆಯ ಟಿಕೆಟ್ ಹರಿದು ತನ್ನದೊಂದು ಪುಸ್ತಕ ಮಾಡಿದ.

ಹೊರಡುವ ಮೊದಲು ಒಂದು ಹಿತ್ತಾಳೆಯ ಕೊರಳಪಟ್ಟಿ ನೋಡಿ. ಎಮಿಲಿಯ ನಾಯಿ ಕೀಪರ್‌ನದು. ಅವಳ ಶವಯಾತ್ರೆಯಲ್ಲಿ ಅದೂ ಮನೆಯವರ ಜೊತೆ ಚರ್ಚಿನೊಳಗೆ ನಡೆದು ಬಂದಿತ್ತು. ಮೂರ್‌ಲ್ಯಾಂಡ್ ನಡಿಗೆಗಳಲ್ಲಿ ಅವಳ ಜೊತೆಗಾರ ಅದೇ.

ರಾತ್ರಿ ಮತ್ತು ಊಟ

ಸಂಜೆ ಐದಕ್ಕೆ ಬಸ್ಸುಗಳು ಖಾಲಿಯಾದ ಮೇಲೆ ಊರು ಬೇರೆಯಾಗುತ್ತದೆ. ಅದಕ್ಕಾಗಿಯೇ ಉಳಿಯಬೇಕು ಎಂದದ್ದು. ಮೇನ್ ಸ್ಟ್ರೀಟ್‌ನಲ್ಲಿ ನಿಮ್ಮ ಹೆಜ್ಜೆಯ ಸದ್ದು ನಿಮಗೇ ಕೇಳುತ್ತದೆ.

ಸಸ್ಯಾಹಾರಿಗಳು ಒಂದು ವಿಷಯ ಗಮನಿಸಬೇಕು. ಯಾರ್ಕ್‌ಷೈರ್‌ನಲ್ಲಿ ಎಷ್ಟೋ ಅಂಗಡಿಗಳು ಆಲೂಗಡ್ಡೆ ಚಿಪ್ಸನ್ನು ದನದ ಕೊಬ್ಬಿನಲ್ಲಿ ಕರಿಯುತ್ತವೆ. ಕೇಳಿಯೇ ತಿನ್ನಿ, ಕೇಳಿದರೆ ಯಾರೂ ಬೇಸರಿಸುವುದಿಲ್ಲ. ಯಾರ್ಕ್‌ಷೈರ್ ಪುಡಿಂಗ್‌ನಲ್ಲಿ ಮೊಟ್ಟೆ ಇರುತ್ತದೆ. ಚೀಸ್ ಮತ್ತು ಈರುಳ್ಳಿ ತುಂಬಿದ ಪೇಸ್ಟ್ರಿ, ಸೂಪ್, ಬೆಣ್ಣೆ ಸವರಿದ ಬ್ರೆಡ್ಡು ಚಹಾ ಅಂಗಡಿಗಳಲ್ಲಿ ಸಿಗುತ್ತವೆ. ಓಟ್ಸ್ ಹಿಟ್ಟು, ಶುಂಠಿ ಮತ್ತು ಕಪ್ಪು ಕಾಕಂಬಿಯಿಂದ ಮಾಡುವ ಪಾರ್ಕಿನ್ ಎಂಬ ಕೇಕು ಆ ಸೀಮೆಯದೇ ತಿಂಡಿ, ಮಾರನೆಯ ದಿನದ ನಡಿಗೆಗೆ ಕಟ್ಟಿಸಿಕೊಳ್ಳಲು ಅದಕ್ಕಿಂತ ಒಳ್ಳೆಯದಿಲ್ಲ. ನಮ್ಮ ಅತ್ತೆ ಊರಿನಿಂದ ತಂದ ಚಟ್ನಿಪುಡಿ ಹಚ್ಚಿದ ಚಪಾತಿಯನ್ನೇ ಬೆಟ್ಟದ ಮೇಲೆ ಬಿಚ್ಚಿದರು, ಅದೂ ಚೆನ್ನಾಗಿಯೇ ಆಯಿತು.

ಮೂರ್‌ಲ್ಯಾಂಡ್ ಎಂದರೇನು, ಅಲ್ಲಿಗೆ ಏನು ಬೇಕು

ಈ ಪದಕ್ಕೆ ನಮ್ಮಲ್ಲಿ ನೇರವಾದ ಹೆಸರಿಲ್ಲ, ಏಕೆಂದರೆ ಅಂಥ ನೆಲ ನಮ್ಮಲ್ಲಿಲ್ಲ. ದೂರದಿಂದ ಪಶ್ಚಿಮ ಘಟ್ಟದ ನೆತ್ತಿಯ ಹುಲ್ಲುಗಾವಲಿನಂತೆ ಕಾಣುತ್ತದೆ. ಕಾಲಿಟ್ಟಾಗ ಬೇರೆಯೇ. ಸಾವಿರಾರು ವರ್ಷ ಕೊಳೆಯದೆ ಉಳಿದ ಪಾಚಿ, ಬೇರು, ಎಲೆಗಳು ನೀರು ಹೀರಿ ಸ್ಪಂಜಿನಂತಾದ ಕಪ್ಪು ಪೀಟ್ ಮಣ್ಣು ಅದು. ಗಟ್ಟಿ ಎಂದು ಕಂಡ ಹಸಿರು ಮೊಣಕಾಲುದ್ದ ಹೂತುಕೊಳ್ಳಬಹುದು. 1824ರ ಸೆಪ್ಟೆಂಬರ್ 2ರಂದು ಹಾವರ್ತ್‌ನ ಆಚೆ ಕ್ರೋ ಹಿಲ್ ಎಂಬಲ್ಲಿ ಗುಡುಗುಮಳೆಗೆ ಈ ಜೌಗು ಬಿರಿದು ಕೆಸರು ಮತ್ತು ಬಂಡೆಗಳ ಪ್ರವಾಹವೇ ಕಣಿವೆಗೆ ಇಳಿಯಿತು. ಬ್ರ್ಯಾನ್‌ವೆಲ್, ಎಮಿಲಿ, ಆ್ಯನ್ ಆಗ ಪುಟ್ಟ ಮಕ್ಕಳು, ಕೆಲಸದವರ ಜೊತೆ ಬಯಲಿನಲ್ಲೇ ಇದ್ದರು. ತಂದೆ ಮನೆಯಲ್ಲಿ ಜೀವ ಹಿಡಿದು ಕಾದರು. ಮಕ್ಕಳು ಬದುಕಿ ಬಂದರು. ಎಮಿಲಿಗೆ ಈ ನೆಲ ಹೇಗಿತ್ತೆಂದು ಯೋಚಿಸುವಾಗ ನನಗೆ ಸದಾ ನೆನಪಾಗುವುದು ಆ ಆರು ವರ್ಷದ ಹುಡುಗಿ.

ಆದ್ದರಿಂದ ಹಾಕಿದ ಕಾಲುದಾರಿಯನ್ನು ಬಿಡಬೇಡಿ. ಕಣಕಾಲು ಮುಚ್ಚುವ, ನೀರು ಇಳಿಯದ ಬೂಟು ಬೇಕು. ಊರಿನಿಂದ ಹೊಸ ಬೂಟು ಕೊಂಡು ತರುವವರು ಎರಡು ವಾರ ಮೊದಲೇ ಹಾಕಿ ಪಳಗಿಸಿ. ಆಗಸ್ಟ್ ಆದರೂ ಮಳೆಯಂಗಿ, ಉಣ್ಣೆಯ ಟೋಪಿ ಇರಲಿ. ಛತ್ರಿ ತರಬೇಡಿ, ಮೊದಲ ಗಾಳಿಗೇ ಅದು ಮಗುಚಿಕೊಳ್ಳುತ್ತದೆ. ಜೀನ್ಸ್ ನೆನೆದರೆ ಒಣಗುವುದಿಲ್ಲ, ತೆಳು ಪ್ಯಾಂಟ್ ಹಾಕಿ. ಚೀಲದಲ್ಲಿ ಇನ್ನೊಂದು ಜೊತೆ ಕಾಲುಚೀಲ ಇಟ್ಟುಕೊಳ್ಳಿ. ಮೊಬೈಲ್ ಸಂಪರ್ಕ ಅಲ್ಲಲ್ಲಿ ಕಡಿಯುವುದರಿಂದ ಆರ್ಡ್‌ನೆನ್ಸ್ ಸರ್ವೇ ಸಂಸ್ಥೆಯ ಸೌತ್ ಪೆನ್ನೈನ್ಸ್ ನಕ್ಷೆ, ಸಂಖ್ಯೆ ಓಎಲ್ 21, ಕಾಗದದ ರೂಪದಲ್ಲೇ ಕೊಳ್ಳಿ. ಉಳಿದುಕೊಂಡ ಮನೆಯವರಿಗೆ ಯಾವ ದಾರಿ, ಎಷ್ಟು ಹೊತ್ತಿಗೆ ವಾಪಸು ಎಂದು ಹೇಳಿ ಹೊರಡಿ. ಅಪಾಯವಾದರೆ 999ಕ್ಕೆ ಕರೆಮಾಡಿ, ಪೊಲೀಸ್ ಕೇಳಿ, ಅವರಿಗೆ ಮೌಂಟನ್ ರೆಸ್ಕ್ಯೂ ಬೇಕೆಂದು ತಿಳಿಸಬೇಕು. ಒಣ ಬೇಸಿಗೆಯಲ್ಲಿ ಪೀಟ್ ಮಣ್ಣಿಗೆ ಬೆಂಕಿ ಬಿದ್ದರೆ ನೆಲದೊಳಗೇ ದಿನಗಟ್ಟಲೆ ಉರಿಯುತ್ತದೆ, ಬೆಂಕಿಕಡ್ಡಿಯನ್ನೂ ಗೀರಬೇಡಿ.

ನಡಿಗೆ: ಜಲಪಾತ, ಆಮೇಲೆ ಟಾಪ್ ವಿದೆನ್ಸ್

ಹೋಗಿಬರಲು ಸುಮಾರು 12 ಕಿಲೋಮೀಟರ್. ನಿಂತು, ಕೂತು, ತಿಂದು ಬರಲು ಐದು ಗಂಟೆ ಇಟ್ಟುಕೊಳ್ಳಿ. ಬೆಳಿಗ್ಗೆ ಒಂಬತ್ತಕ್ಕೆ ಹೊರಡುವುದು ಒಳ್ಳೆಯದು.

ಚರ್ಚಿನ ಪಕ್ಕದ ಕಾಲುದಾರಿ ಸ್ಮಶಾನದ ಅಂಚಿನಿಂದ ಹೊರಬಿದ್ದು ಹೊಲಗಳ ನಡುವೆ ಪೆನಿಸ್ಟನ್ ಹಿಲ್ ಕಡೆಗೆ ಏರುತ್ತದೆ. ಹಾದಿಯ ಎರಡೂ ಬದಿ ಗಾರೆಯಿಲ್ಲದೆ ಕಲ್ಲಿನ ಮೇಲೆ ಕಲ್ಲಿಟ್ಟ ಗೋಡೆಗಳು. ಪೆನಿಸ್ಟನ್ ಹಿಲ್ ಹಿಂದೆ ಕಲ್ಲುಗಣಿಯಾಗಿತ್ತು, ಈಗ ಹೆದರ್ ಗಿಡಗಳು ಗಣಿಯ ಗುಂಡಿಗಳನ್ನೆಲ್ಲ ಮುಚ್ಚಿವೆ. ಇಲ್ಲಿ ಒಮ್ಮೆ ಹಿಂದಿರುಗಿ ನೋಡಿ. ಊರು ಅಂಗೈಯಷ್ಟಾಗಿರುತ್ತದೆ.

ರಸ್ತೆ ದಾಟಿದ ಮೇಲೆ ಜಲಪಾತದ ದಾರಿಯ ಕೈಮರ ಸಿಗುತ್ತದೆ. ಇಲ್ಲಿನ ಕೆಲವು ಕೈಮರಗಳ ಮೇಲೆ ಇಂಗ್ಲಿಷಿನ ಜೊತೆ ಜಪಾನಿ ಭಾಷೆಯೂ ಇದೆ. ‘ವುದರಿಂಗ್ ಹೈಟ್ಸ್’ ಪ್ರೀತಿಸಿ ಅಷ್ಟು ದೂರದಿಂದ ಬರುವ ಓದುಗರಿಗಾಗಿ ಬರೆಸಿದ್ದು. ಮೊದಲ ಸಲ ಕಂಡಾಗ ನನ್ನ ಕಣ್ಣು ತುಂಬಿತ್ತು. ಸ್ಲೇಡನ್ ಕಣಿವೆಯ ಪಕ್ಕದಲ್ಲಿ ದಾರಿ ನಿಧಾನವಾಗಿ ಇಳಿಯುತ್ತದೆ. ಗ್ರೌಸ್ ಎಂಬ ಕೆಂಗಂದು ಕೋಳಿಜಾತಿಯ ಹಕ್ಕಿ ಕಾಲಬುಡದಿಂದಲೇ ಸಿಡಿದು ಹಾರುತ್ತದೆ, ಅದರ ಕೂಗು ‘ಗೋ ಬ್ಯಾಕ್, ಗೋ ಬ್ಯಾಕ್’ ಎಂದೇ ಕೇಳಿಸುತ್ತದೆ. ಜುಲೈ, ಆಗಸ್ಟ್‌ನಲ್ಲಿ ಬಿಲ್ಬೆರಿ ಪೊದೆಗಳಲ್ಲಿ ಕಡುನೀಲಿ ಹಣ್ಣುಗಳಿರುತ್ತವೆ.

ಊರಿನಿಂದ ನಾಲ್ಕು ಕಿಲೋಮೀಟರಿಗೆ ಬ್ರಾಂಟೆ ಜಲಪಾತ. ಜೋಗ ಕಂಡವರಿಗೆ ಇದು ಬರೀ ಝರಿ, ಮಳೆಯಿಲ್ಲದ ವಾರಗಳಲ್ಲಿ ಕಲ್ಲಿನ ಮೇಲೆ ಇಳಿಯುವ ತೇವ. ಆದರೂ ಸೋದರಿಯರು ಬಂದು ಕೂರುತ್ತಿದ್ದುದು ಇಲ್ಲಿ. ಪಕ್ಕದಲ್ಲಿ ಕುರ್ಚಿಯಾಕಾರದ ಒಂದು ಬಂಡೆಯಿದೆ, ಚಿಕ್ಕ ಕಲ್ಲುಸೇತುವೆಯಿದೆ. ಹಳೆಯ ಸೇತುವೆ 1989ರ ಹಠಾತ್ ಪ್ರವಾಹದಲ್ಲಿ ಕೊಚ್ಚಿಹೋಗಿ ಮರುವರ್ಷ ಹೊಸದು ಬಂತು. 1854ರ ನವೆಂಬರ್ ಕೊನೆಯಲ್ಲಿ ಷಾರ್ಲೆಟ್ ಗಂಡ ಆರ್ಥರ್ ಬೆಲ್ ನಿಕೋಲ್ಸ್ ಜೊತೆ ಹಿಮ ಕರಗಿ ತುಂಬಿ ಹರಿಯುವ ಜಲಪಾತ ನೋಡಲು ಬಂದಳು. ಹಿಂದಿರುಗುವಾಗ ಮಳೆ ಹಿಡಿಯಿತು, ನೆಗಡಿಯಾಯಿತು. ಮುಂದಿನ ಮಾರ್ಚ್‌ನಲ್ಲಿ ತೀರಿಕೊಂಡಳು.

ಮಕ್ಕಳಿದ್ದರೆ, ಕಾಲು ಸೋತಿದ್ದರೆ, ಮೋಡ ಇಳಿಯುತ್ತಿದ್ದರೆ ಇಲ್ಲಿಂದಲೇ ಹಿಂದಿರುಗಿ. ಒಮ್ಮೆ ಸೆಪ್ಟೆಂಬರ್‌ನಲ್ಲಿ ಮಂಜು ಕವಿಯುತ್ತಿದ್ದರೂ ಇನ್ನು ಸ್ವಲ್ಪವೇ ಎಂದು ನಾನು ಮುಂದೆ ನಡೆದೆ. ಹತ್ತು ನಿಮಿಷದಲ್ಲಿ ಹತ್ತು ಮಾರು ಆಚೆಗೆ ಏನೂ ಕಾಣಲಿಲ್ಲ, ಗೋಡೆಯೊಂದನ್ನು ಕೈಯಲ್ಲಿ ತಡವುತ್ತ ಇಳಿದು ಬರಬೇಕಾಯಿತು. ಬೆಟ್ಟ ಎಲ್ಲಿಗೂ ಹೋಗುವುದಿಲ್ಲ, ಇನ್ನೊಂದು ದಿನ ಬರಬಹುದು.

ಹವೆ ಚೆನ್ನಾಗಿದ್ದರೆ ಸೇತುವೆ ದಾಟಿ ಎದುರಿನ ಕಡಿದಾದ ಏರು ಹತ್ತಿ, ಟಾಪ್ ವಿದೆನ್ಸ್ ಎಂಬ ಕೈಮರ ಹಿಡಿಯಿರಿ. ಇನ್ನೆರಡು ಕಿಲೋಮೀಟರ್. ಕೆಲವೆಡೆ ಜೌಗಿನ ಮೇಲೆ ಕಲ್ಲುಚಪ್ಪಡಿ ಹಾಸಿದ್ದಾರೆ. ದಿಗಂತದಲ್ಲಿ ಮೊದಲು ಒಂದೆರಡು ಒಂಟಿ ಮರ, ಆಮೇಲೆ ಮುರಿದ ಗೋಡೆಗಳು ಕಾಣುತ್ತವೆ.

ಟಾಪ್ ವಿದೆನ್ಸ್ ಹಾಳುಬಿದ್ದ ಕುರಿಗಾರರ ಮನೆ, ಸಮುದ್ರಮಟ್ಟದಿಂದ ಸುಮಾರು 420 ಮೀಟರ್ ಎತ್ತರದಲ್ಲಿದೆ. ಎಮಿಲಿಯ ಕಾದಂಬರಿಯ ಮನೆ ಇದೇ ಎಂದು ಜನ ನಂಬುತ್ತ ಬಂದಿದ್ದಾರೆ. ಬ್ರಾಂಟೆ ಸೊಸೈಟಿ 1964ರಲ್ಲಿ ಇಲ್ಲೊಂದು ಫಲಕ ಹಾಕಿತು. ಈ ಮನೆ ಪೂರ್ತಿಯಾಗಿದ್ದಾಗಲೂ ಕಾದಂಬರಿಯ ಮನೆಯನ್ನು ಹೋಲುತ್ತಿರಲಿಲ್ಲ, ಅದಿರುವ ಜಾಗ ಮಾತ್ರ ಎಮಿಲಿಯ ಮನಸ್ಸಿನಲ್ಲಿದ್ದಿರಬಹುದು ಎಂದು ಅದು ಪ್ರಾಮಾಣಿಕವಾಗಿ ಹೇಳುತ್ತದೆ. ಗೋಡೆಯ ಮರೆಗೆ ಬೆನ್ನು ಕೊಟ್ಟು ಕೂತು ಬುತ್ತಿ ಬಿಚ್ಚಿ. ಗಾಳಿ ಕಲ್ಲಿನ ಸಂದುಗಳಲ್ಲಿ ಹೊಕ್ಕು ಹೊರಡುವ ಸದ್ದು ಕೇಳಿ. ಪುಸ್ತಕ ತಂದಿದ್ದರೆ ಮೂರನೆಯ ಅಧ್ಯಾಯದ ಕಿಟಕಿಯ ಪ್ರಸಂಗವನ್ನು ಇಲ್ಲೇ ಗಟ್ಟಿಯಾಗಿ ಓದಿ. ನಾನು ಪ್ರತಿ ಸಲವೂ ಓದುತ್ತೇನೆ.

ಬಂದ ದಾರಿಯಲ್ಲೇ ಇಳಿಯುವುದಕ್ಕಿಂತ ಪೆನ್ನೈನ್ ವೇ ಎಂಬ ದೂರದಾರಿಯ ಗುರುತು ಹಿಡಿದು ಸ್ಟ್ಯಾನ್‌ಬರಿ ಹಳ್ಳಿಯತ್ತ ಇಳಿದರೆ ಬೇರೆ ಕಣಿವೆ ನೋಡಿದಂತಾಗುತ್ತದೆ. ನೆಲವೂ ಗಟ್ಟಿ. ಸ್ಟ್ಯಾನ್‌ಬರಿಯಿಂದ ಜಲಾಶಯದ ಕಟ್ಟೆ ದಾಟಿ ಹಾವರ್ತ್ ಸೇರಬಹುದು. ಹಳ್ಳಿಯ ಆಚೆ ಪಾಂಡೆನ್ ಹಾಲ್ ಎಂಬ ಹಳೆಯ ಮನೆಯಿದೆ. 1801ರಲ್ಲಿ ಅದನ್ನು ವಿಸ್ತರಿಸಿದರೆಂದು ಬಾಗಿಲ ಮೇಲಿನ ಕಲ್ಲು ಹೇಳುತ್ತದೆ. ‘ವುದರಿಂಗ್ ಹೈಟ್ಸ್’ ಆರಂಭವಾಗುವುದೂ ಅದೇ ಇಸವಿಯಿಂದ. ಅದು ಖಾಸಗಿ ಮನೆ, ದಾರಿಯಿಂದಲೇ ನೋಡಿ ಬನ್ನಿ.

ಏರಲಾಗದವರಿಗೆ

ನನ್ನ ಅತ್ತೆ ಟಾಪ್ ವಿದೆನ್ಸ್‌ಗೆ ಬರಲಿಲ್ಲ. ಪೆನಿಸ್ಟನ್ ಹಿಲ್‌ನಲ್ಲಿ ಕಾರು ನಿಲ್ಲಿಸುವ ಜಾಗವಿದೆ, ಅಲ್ಲಿಯವರೆಗೆ ಟ್ಯಾಕ್ಸಿಯಲ್ಲಿ ಹೋಗಿ ನೂರು ಹೆಜ್ಜೆ ನಡೆದರೆ ಮೂರ್‌ಲ್ಯಾಂಡ್ ಪೂರ್ತಿಯಾಗಿ ಎದುರಿಗಿದೆ. ಬೆಚ್ಚಗೆ ಹೊದ್ದು ಒಂದು ಗಂಟೆ ಕೂತಿದ್ದ ಅವರು, ‘ಆ ಮನೆಯಲ್ಲಿ ಕೂತು ಅಷ್ಟು ಸಾವು ನೋಡಿದವರಿಗೆ ಇದೊಂದು ಇತ್ತಲ್ಲ’ ಎಂದರು. ನಾನು ಓದಿದ ಯಾವ ವಿಮರ್ಶೆಯೂ ಅಷ್ಟು ಹತ್ತಿರ ಬಂದಿಲ್ಲ.

ಇನ್ನೊಂದು ದಿನವಿದ್ದರೆ

ಬ್ರಾಡ್‌ಫರ್ಡ್ ಬಳಿಯ ಥಾರ್ನ್‌ಟನ್‌ಗೆ ಹೋಗಿ. ಷಾರ್ಲೆಟ್, ಬ್ರ್ಯಾನ್‌ವೆಲ್, ಎಮಿಲಿ, ಆ್ಯನ್ ನಾಲ್ವರೂ ಹುಟ್ಟಿದ್ದು ಅಲ್ಲಿನ ಮಾರ್ಕೆಟ್ ಸ್ಟ್ರೀಟ್‌ನ ಒಂದು ಸಾಲುಮನೆಯಲ್ಲಿ. 2025ರಲ್ಲಿ ಅದನ್ನು ಸಾರ್ವಜನಿಕರಿಗೆ ತೆರೆದರು. ಆ್ಯನ್‌ಳನ್ನು ಕಾಣಬೇಕೆಂದರೆ ಪೂರ್ವ ಕರಾವಳಿಯ ಸ್ಕಾರ್ಬರೋ ಪಟ್ಟಣಕ್ಕೆ ರೈಲು ಹತ್ತಬೇಕು. ಕಡಲಗಾಳಿಯಿಂದ ಗುಣವಾಗಬಹುದೆಂದು ಷಾರ್ಲೆಟ್ ಅವಳನ್ನು ಅಲ್ಲಿಗೆ ಕರೆದೊಯ್ದಳು. ತಲುಪಿದ ಮೂರನೆಯ ದಿನ ತಂಗಿ ತೀರಿಕೊಂಡಳು. ಸಮಾಧಿ ಸೇಂಟ್ ಮೇರಿ ಚರ್ಚಿನ ಸ್ಮಶಾನದಲ್ಲಿದೆ. ಮೂಲ ಕಲ್ಲಿನ ಮೇಲೆ ಅವಳ ವಯಸ್ಸು 28 ಎಂದು ತಪ್ಪಾಗಿ ಕೆತ್ತಿದೆ. ಅವಳಿಗೆ 29 ಆಗಿತ್ತು. ಇತ್ತೀಚಿನ ವರ್ಷಗಳಲ್ಲಿ ಬ್ರಾಂಟೆ ಸೊಸೈಟಿ ಸರಿಯಾದ ವಯಸ್ಸು ಬರೆಸಿದ ಹೊಸ ಫಲಕವನ್ನು ಅದರ ಬುಡದಲ್ಲಿ ಹಾಕಿಸಿತು. ಅಲ್ಲಿ ನಿಂತರೆ ಕಾಣುವುದು ಸಮುದ್ರ.